ನೀರುಗಂಟಿಗೆ ಅವನ ಕೆಲಸ ಹಿಂದಿರುಗಿಸಿ

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಗ್ರಾಮ ಪಂಚಾಯಿತಿ ಅಧ್ಯಕ್ಷರೇ, ಸದಸ್ಯರೇ, ಪಿಡಿಒಗಳೇ, ಗ್ರಾಮಸಭೆಗೆ ಬರುವ ಮತ್ತು ಬಾರದೆ ಮನೆಯಲ್ಲೇ ಉಳಿಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ನಮಸ್ಕಾರ.

ನಾನು ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ಅದಕ್ಕಿಂತ ಹಳೆಯ ಗುರುತು ಇನ್ನೊಂದಿದೆ. ನಾನು ನೀರುಗಂಟಿಯ, ಅಂದರೆ ಊರ ಕೆರೆ ನೋಡಿಕೊಂಡು ನೀರು ಹಂಚುತ್ತಿದ್ದವನ, ಮೊಮ್ಮಗ. ಈ ಪತ್ರ ಬರೆಸುತ್ತಿರುವುದು ಆ ಗುರುತೇ.

ಹೋದ ಬೇಸಿಗೆಯಲ್ಲಿ ಒಂದು ದಿನ ಬೆಳಗಿನ ಜಾವ ಐದೂವರೆಗೆ ನಮ್ಮ ಬೀದಿಯ ವಾಲ್ವಿನ ಹತ್ತಿರ ಗಲಾಟೆ ಕೇಳಿಸಿ ಎದ್ದು ಹೋದೆ. ಪಂಚಾಯಿತಿಯ ನೀರುಗಂಟಿ, ಮೂವತ್ತರ ಆಸುಪಾಸಿನ ಹುಡುಗ, ವಾಲ್ವು ತಿರುಗಿಸುವ ಕಬ್ಬಿಣದ ಕೀಲಿ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದ. ಸುತ್ತ ಖಾಲಿ ಬಿಂದಿಗೆ, ಪ್ಲಾಸ್ಟಿಕ್ ಡ್ರಮ್ಮು. ಕೆಳಗಿನ ಬೀದಿಗೆ ಮೂರು ದಿನದಿಂದ ನೀರು ಬಂದಿರಲಿಲ್ಲ. ಬೈಗುಳವೆಲ್ಲ ಅವನಿಗೆ. ನನ್ನನ್ನು ನೋಡಿದ ಮೇಲೆ ಬಾಯಿಬಿಟ್ಟ: “ಮೇಲಿನ ಬೀದೀಲಿ ಪೈಪಿಗೇ ಮೋಟ್ರು ಇಟ್ಟು ಎಳೀತಾವ್ರೆ ಮೇಷ್ಟ್ರೇ. ತೆಗೀರಿ ಅಂದ್ರೆ, ನೀನ್ಯಾರು ಕೇಳೋಕೆ ಅಂತಾರೆ. ನಾನೇನ್ ಮಾಡ್ಲಿ?”

ಆ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ನೀನ್ಯಾರು ಕೇಳೋಕೆ? ನಮ್ಮ ತಾತನನ್ನು ಯಾರೂ ಹಾಗೆ ಕೇಳಿದ್ದನ್ನು ನಾನು ನೋಡಲಿಲ್ಲ. ತಾತನಿಗೂ ಈ ಹುಡುಗನಿಗೂ ಊರು ಕೊಟ್ಟಿರುವ ಹೆಸರು ಒಂದೇ, ನೀರುಗಂಟಿ. ಹೆಸರು ಉಳಿಯಿತು, ಕೆಲಸ ಹೋಯಿತು. ನಮ್ಮ ಎರಡು ಜಿಲ್ಲೆಗಳ ನೀರಿನ ಕಥೆಯನ್ನು ಯಾರಾದರೂ ಕೇಳಿದರೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮದು ಹೊಳೆಯಿಲ್ಲದ ಸೀಮೆ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುವುದು ಈ ನಂದಿ ಬೆಟ್ಟದ ಸಾಲಿನ ಆಜುಬಾಜಿನಲ್ಲೇ. ಆದರೆ ಅವು ಹರಿದು ದೊಡ್ಡದಾಗುವುದು ಆಂಧ್ರದಲ್ಲಿ, ತಮಿಳುನಾಡಿನಲ್ಲಿ. ನಮ್ಮ ಪಾಲಿಗೆ ಇರುವುದು ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದೂ ಕೆಲವೇ ದಿನಗಳಲ್ಲಿ ಬಂದು ಹೋಗುವ ಮಳೆ. ಅದನ್ನು ಹಿಡಿದಿಡಲು ನಮ್ಮ ಹಿರಿಯರು ಕೆರೆ ಕಟ್ಟಿದರು. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಅದರ ಕೆಳಗಿನದಕ್ಕೆ, ಹೀಗೆ ಸರದ ಮಣಿಯಂತೆ ಪೋಣಿಸಿದರು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1860ರ ದಶಕದಲ್ಲಿ ಇದನ್ನೆಲ್ಲ ನೋಡಿ, ಈ ಸೀಮೆಯಲ್ಲಿ ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಭಾರೀ ಜಾಣತನವೇ ಬೇಕು ಎಂಬರ್ಥದ ಮಾತು ಬರೆದ. ಕೆರೆ ಕಟ್ಟಿದವರಿಗೆ, ಕೆರೆ ನೋಡಿಕೊಳ್ಳುವವರಿಗೆ ಭೂಮಿ ಬಿಟ್ಟುಕೊಟ್ಟ ಶಾಸನಗಳು ನಮ್ಮ ಊರೂರಲ್ಲಿ ಸಿಗುತ್ತವೆ. ಬಿತ್ತುವಟ್ಟ, ದಶವಂದ, ಕೆರೆಗೊಡಗೆ ಎಂಬ ಪದಗಳನ್ನು ಆ ಕಲ್ಲುಗಳ ಮೇಲೆ ಓದಬಹುದು. ಕೆರೆ ಕಟ್ಟುವುದಷ್ಟೇ ಸಾಲದು, ಆಮೇಲೆ ಅದನ್ನು ನೋಡಿಕೊಳ್ಳುವವನ ಹೊಟ್ಟೆಯ ಗತಿ ಏನು ಎಂದು ಕಲ್ಲು ಕೆತ್ತಿಸುವಾಗಲೇ ಅವರು ಯೋಚಿಸಿದ್ದರು. ಹಾಗೆ ನೋಡಿಕೊಳ್ಳುವವನೇ ನೀರುಗಂಟಿ.

ತಾತನ ಕೆಲಸ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಈಗಿನ ಹುಡುಗರು ಯಾರೂ ನೋಡಿಲ್ಲ.

ಮುಂಗಾರಿಗೆ ಮೊದಲು ತಾತ ರಾಜಕಾಲುವೆಯ ಉದ್ದಕ್ಕೂ ನಡೆದುಬರುತ್ತಿದ್ದರು. ಎಲ್ಲಿ ಮಣ್ಣು ಕುಸಿದಿದೆ, ಎಲ್ಲಿ ಜಾಲಿ ಬೆಳೆದು ದಾರಿ ಕಟ್ಟಿದೆ, ಯಾರು ಕಾಲುವೆಯ ಬದುವನ್ನು ಒಂದು ಮೊಳ ತಮ್ಮ ಹೊಲಕ್ಕೆ ಸೇರಿಸಿಕೊಂಡಿದ್ದಾರೆ, ಎಲ್ಲ ಬಂದು ಊರ ಕಟ್ಟೆಯ ಮೇಲೆ ಹೇಳುತ್ತಿದ್ದರು. ಹೆಸರು ಹಿಡಿದೇ ಹೇಳುತ್ತಿದ್ದರು. ಮಾರನೆಯ ದಿನ ಮನೆಗೊಂದು ಆಳು ಸಲಿಕೆ ಹಿಡಿದು ಹೊರಡಬೇಕು. ಬೇಸಿಗೆಯಲ್ಲಿ ಕೆರೆ ಅಂಗಳದ ಗೋಡು ತುಂಬಿಕೊಂಡು ಎತ್ತಿನ ಗಾಡಿಗಳು ಹೊಲಕ್ಕೆ ಹೋಗುತ್ತಿದ್ದವು. ಎಲ್ಲಿ ಅಗೆಯಬಹುದು, ಎಷ್ಟು ಆಳ ಅಗೆಯಬಹುದು ಅನ್ನುವುದನ್ನೂ ತಾತನೇ ನೋಡುತ್ತಿದ್ದರು. ಏರಿಯ ಬುಡದಲ್ಲಿ ಸಲಿಕೆ ಹಾಕಲು ಬಿಡುತ್ತಿರಲಿಲ್ಲ. ಮಳೆ ಜೋರಾದ ರಾತ್ರಿ ಲಾಟೀನು ಹಿಡಿದು ಏರಿಯ ಮೇಲೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಓಡಾಡುತ್ತಿದ್ದರು. ಏಡಿ ತೋಡಿದ ಬಿಲದಲ್ಲಿ ನೀರು ಜಿನುಗಿದರೆ ಬೆಳಗಾಗುವುದರೊಳಗೆ ಏರಿಯೇ ಒಡೆಯಬಹುದು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ತೂಬು, ಅಂದರೆ ಕೆರೆಯಿಂದ ಕಾಲುವೆಗೆ ನೀರು ಬಿಡುವ ಬಾಗಿಲು, ಎತ್ತುವುದನ್ನು ನೋಡಲು ತಾತನ ಜೊತೆ ಹೋಗಿದ್ದೆ. ಪಂಚೆಯನ್ನು ಮೇಲೆ ಕಟ್ಟಿ, ಎದೆಮಟ್ಟದ ನೀರಿನಲ್ಲಿ ತೂಬಿನ ಕಲ್ಲುಕಂಬದ ತನಕ ನಡೆದುಹೋದರು. ಕಂಬಗಳ ನಡುವಿನ ಮರದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗೇಣು ಎತ್ತಿ, ಗೂಟ ಸಿಕ್ಕಿಸಿದರು. ಏರಿಯ ಆಚೆ ಕಡೆ ಕಾಲುವೆಯಲ್ಲಿ ನೀರು ಬಂದ ಸದ್ದು ಕೇಳಿ ನಾನು ಓಡಿದೆ. ತಾತ ಮೈಯಿಂದ ನೀರು ಸೋರಿಸಿಕೊಂಡೇ ಸಲಿಕೆ ತೆಗೆದುಕೊಂಡು ನೇರವಾಗಿ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನಡೆದರು. ತೂಬಿನ ಪಕ್ಕದಲ್ಲೇ ಗದ್ದೆ ಇದ್ದ ಪಟೇಲರು ಕರೆದರೂ ತಿರುಗಲಿಲ್ಲ. ಕೊನೆಯ ಮಡಿಗೆ ನೀರು ಕಟ್ಟಿ, ಅಲ್ಲಿಂದ ಒಂದೊಂದೇ ಮಡಿ ಹಿಂದಕ್ಕೆ ಬಂದರು. ಯಾಕೆ ಅಂತ ಕೇಳಿದ್ದಕ್ಕೆ, “ಮುಂದಿರೋನು ಹೆಂಗಾದರೂ ಕುಡೀತಾನೆ ಮಗ, ಹಿಂದಿರೋನಿಗೆ ನಾನೇ ಗತಿ” ಅಂದರು.

ಕೆರೆ ಅರ್ಧವೇ ತುಂಬಿದ ವರ್ಷ ಊರವರು ಏರಿಯ ಮೇಲೆ ಸೇರುತ್ತಿದ್ದರು. ತಾತ ತೂಬಿನ ಕಂಬದ ಎಷ್ಟನೇ ಗೆರೆಯ ತನಕ ನೀರು ನಿಂತಿದೆ ಎಂದು ಹೇಳುವುದು, ಅದಕ್ಕೆ ತಕ್ಕಂತೆ ಅಚ್ಚುಕಟ್ಟಿನಲ್ಲಿ ಎಷ್ಟು ಭಾಗ ನಾಟಿ ಎಂದು ತೀರ್ಮಾನ. ನೀರಿಗೆ ಹತ್ತಿರದ ಗದ್ದೆಗಳಷ್ಟೇ ನಾಟಿಯಾದರೂ ಆ ವರ್ಷದ ಮಟ್ಟಿಗೆ ಅವುಗಳಲ್ಲಿ ಎಲ್ಲರಿಗೂ ಪಾಲು. ಕೊನೆಯ ಗದ್ದೆಯವನೂ ಬಂದು ಅಲ್ಲಿ ಒಂದು ಮಡಿ ನಾಟಿ ಮಾಡಿಕೊಳ್ಳುತ್ತಿದ್ದ. ನೀರು ಇನ್ನೂ ಕಡಿಮೆ ಇದ್ದರೆ ಭತ್ತವೇ ಇಲ್ಲ, ರಾಗಿ. ಕೆರೆಯಲ್ಲಿ ಕೊನೆಗೆ ಉಳಿದ ನೀರು ದನಕರುಗಳಿಗೆ. ಸುಗ್ಗಿಯಲ್ಲಿ ಕಣದಿಂದ ತಾತನಿಗೆ ಆಯ, ಅಂದರೆ ಕೂಲಿಯ ಬದಲು ಧಾನ್ಯದ ಪಾಲು, ಬರುತ್ತಿತ್ತು, ಎಲ್ಲರ ಕಣದಿಂದಲೂ. ಎಲ್ಲರಿಗೂ ನೀರು ಮುಟ್ಟಿದರೆ ಮಾತ್ರ ಎಲ್ಲರ ಕಣದಿಂದ ಆಯ.

ಇದನ್ನು ಹೇಳುವಾಗ ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು. ಊರಿಗೆಲ್ಲ ನೀರು ಹಂಚುತ್ತಿದ್ದ ನಮ್ಮ ತಾತ ಊರ ಬಾವಿಯಿಂದ ಒಂದು ಬಿಂದಿಗೆ ಸೇದುವಂತಿರಲಿಲ್ಲ. ನಮ್ಮ ಅಜ್ಜಿ ಬಾವಿಯ ಕಟ್ಟೆಯ ಕೆಳಗೆ ನಿಂತು, ಯಾರಾದರೂ ಸುರಿಯಲಿ ಎಂದು ಕಾಯುತ್ತಿದ್ದರು. ನೀರುಗಂಟಿಯ ಕೆಲಸ ನಮ್ಮ ಕೇರಿಗೆ ವಂಶಪಾರಂಪರ್ಯವಾಗಿ ಬಂದದ್ದು ಯಾರೋ ಗೌರವಿಸಿ ಕೊಟ್ಟದ್ದಲ್ಲ. ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆಯಿಲ್ಲದವನು ಪಕ್ಷಪಾತ ಮಾಡಲಾರ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು, ಮಳೆಯಲ್ಲಿ ರಾತ್ರಿಯಿಡೀ ಏರಿ ಕಾಯುವ ಕಷ್ಟ ಬೇರೆಯವರಿಗೆ ಬೇಡ ಎಂಬುದೂ ಇತ್ತು. ಹಾಗಾಗಿ ಹಳೆಯ ಕಾಲ ಹಾಗೇ ವಾಪಸ್ ಬರಲಿ ಎಂದು ನಾನು ಕೇಳುತ್ತಿಲ್ಲ. ಆ ಕಾಲ ನನಗೆ ಬೇಡ. ನನಗೆ ಬೇಕಾಗಿರುವುದು ತಾತನ ಕೆಲಸದೊಳಗಿದ್ದ ಮೂರು ಅಧಿಕಾರ ಮಾತ್ರ: ನೀರು ಅಳೆಯುವುದು, ಅಳೆದದ್ದನ್ನು ಎಲ್ಲರ ಮುಂದೆ ಹೇಳುವುದು, ತಪ್ಪು ಮಾಡಿದವನ ಮುಂದೆ ನಿಂತು ಬೇಡ ಎನ್ನುವುದು. ಆ ಕೆಲಸಕ್ಕೆ ಯಾವ ಜಾತಿಯವರೂ ಬರಲಿ, ಹೆಣ್ಣುಮಕ್ಕಳು ಬರಲಿ. ಅವರು ಮಾತ್ರ ಊರಿನ ಪ್ರತಿಯೊಂದು ನಲ್ಲಿಯ ಮುಂದೆಯೂ ಎಲ್ಲರಂತೆ ನಿಲ್ಲುವಂತಿರಲಿ.

1961ರ ಕಾಯ್ದೆ ಬಂದು ಊರ ಹುದ್ದೆಗಳೆಲ್ಲ ರದ್ದಾದವು. ಅದು ಆಗಬೇಕಾಗಿದ್ದ ಕೆಲಸ. ನೀರುಗಂಟಿ ಇನಾಮಿನ ತುಂಡು ಜಮೀನು ನಮ್ಮ ಮನೆಯವರ ಹೆಸರಿಗೇ ಆಯಿತು. ತಾತ ಅಭ್ಯಾಸಬಲದಿಂದ ಮುಂದೆಯೂ ಇಪ್ಪತ್ತು ವರ್ಷ ತೂಬಿನ ಕೆಲಸ ಮಾಡಿದರು. ಆದರೆ ಹುದ್ದೆ ತೆಗೆದ ಜಾಗದಲ್ಲಿ ಬೇರೇನನ್ನೂ ಯಾರೂ ಇಡಲಿಲ್ಲ. ಈಗ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಆ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಕಡಿಮೆ ಇದ್ದರೆ ಪಂಚಾಯತ್ ರಾಜ್ ಸಂಸ್ಥೆಗಳಿಗೆ. ಒತ್ತುವರಿ ಆದರೆ ಕಂದಾಯ ಇಲಾಖೆ, ಅಂಗಳದ ಮರ ಅರಣ್ಯ ಇಲಾಖೆ, ಮೀನಿನ ಹರಾಜಿಗೆ ಇನ್ನೊಬ್ಬರು. ಒಂದು ಕೆರೆಗೆ ಇಷ್ಟು ಜನ ಯಜಮಾನರು. ಮಳೆಗಾಲದ ರಾತ್ರಿ ಏರಿಯ ಮೇಲೆ ಲಾಟೀನು ಹಿಡಿಯುವವರು ಯಾರೂ ಇಲ್ಲ.

ಅಷ್ಟರಲ್ಲಿ ಬೋರ್‌ವೆಲ್ ಬಂದಿತ್ತು. ನಮ್ಮ ಅಪ್ಪ ಅದೇ ಇನಾಮಿನ ಜಮೀನಿನಲ್ಲಿ 1986ರಲ್ಲಿ ಮೊದಲ ಬೋರ್ ಕೊರೆಸಿದಾಗ 190 ಅಡಿಗೆ ಎರಡೂವರೆ ಇಂಚು ನೀರು ಬಿತ್ತು. ಊರಿಗೆಲ್ಲ ಸಿಹಿ ಹಂಚಿದೆವು. 1997ರಲ್ಲಿ 420 ಅಡಿ, ಒಂದೂವರೆ ಇಂಚು. 2006ರಲ್ಲಿ 900 ಅಡಿ, ಮುಕ್ಕಾಲು ಇಂಚು. 2014ರಲ್ಲಿ ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರನ್ನು ಕರೆಸಿ, ಅಮ್ಮನ ಸರ ಗಿರವಿ ಇಟ್ಟು 1,280 ಅಡಿ ಕೊರೆಸಿದೆವು. ರಾತ್ರಿಯಿಡೀ ರಿಗ್ಗಿನ ಪಕ್ಕದಲ್ಲಿ ಕೂತಿದ್ದ ಅಪ್ಪನ ತಲೆ, ಹುಬ್ಬು, ರೆಪ್ಪೆಯ ಮೇಲೆಲ್ಲ ಬೆಳಗಿನ ಹೊತ್ತಿಗೆ ಬಿಳಿ ಕಲ್ಲುಹುಡಿ. ನೀರು ಬರಲಿಲ್ಲ. ಅವರು ಅದನ್ನು ಒರೆಸಿಕೊಳ್ಳದೆ ಹಾಗೇ ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದರು. ನಮ್ಮ ಸೀಮೆಯಲ್ಲಿ ಇಂಥ ಬೆಳಗನ್ನು ಕಾಣದ ರೈತನ ಮನೆ ಎಷ್ಟಿರಬಹುದು?

ತಪ್ಪು ಯಾರದು ಅಂತ ಯೋಚಿಸಿದರೆ ನನಗೆ ಅಪ್ಪನ ಮೇಲೆ ಸಿಟ್ಟು ಬರುವುದಿಲ್ಲ. ಕೆರೆ ತುಂಬದೇ ಇದ್ದಾಗ, ಮಗಳ ಮದುವೆ ಎದುರಿಗಿದ್ದಾಗ, ಟೊಮೇಟೊಗೆ ಕೋಲಾರದ ಮಾರುಕಟ್ಟೆಯಲ್ಲಿ ಬೆಲೆ ಇದ್ದಾಗ, ಯಾರಾದರೂ ಕೊರೆಸುತ್ತಾರೆ. ಆದರೆ ನಾವು ಎಂಥ ಬದಲಾವಣೆಗೆ ಒಪ್ಪಿಕೊಂಡೆವು ನೋಡಿ. ಕೆರೆಯ ನೀರು ಕಣ್ಣಿಗೆ ಕಾಣುತ್ತಿತ್ತು, ತೂಬು ಒಂದೇ ಇತ್ತು, ಅದನ್ನು ಎತ್ತುವವನು ಊರಿಗೆಲ್ಲ ಲೆಕ್ಕ ಕೊಡಬೇಕಾಗಿತ್ತು. ಬೋರ್ ಬಂದ ಮೇಲೆ ಊರಿಗೆ ನೂರಾರು ತೂಬು. ಒಬ್ಬೊಬ್ಬರ ಹೊಲದಲ್ಲಿ ಒಂದೊಂದು, ಸ್ವಿಚ್ಚು ಒಬ್ಬೊಬ್ಬರ ಕೈಯಲ್ಲಿ. ಕೆಳಗಿರುವ ನೀರು ಮಾತ್ರ ಒಂದೇ. ನನ್ನ ಬಂಡೆಯ ಬಿರುಕಿನಲ್ಲಿರುವ ನೀರೇ ಪಕ್ಕದ ಹೊಲದವರ ಬಿರುಕಿನಲ್ಲೂ ಇರುವುದು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ರೈತನಿಗೆ ಅದು ಬೇಕೇ ಬೇಕು, ತೆಗೆಯಿರಿ ಎಂದು ಹೇಳುವವನು ನಾನಲ್ಲ. ಬಿಲ್ಲು ಬರದ ಕಾರಣ ಎಷ್ಟು ನೀರು ಎತ್ತಿದೆವು ಎಂಬುದು ಎತ್ತಿದವನಿಗೂ ಗೊತ್ತಾಗಲಿಲ್ಲ, ಊರಿಗೂ ಗೊತ್ತಾಗಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಆಳಕ್ಕೆ ಹೋದಷ್ಟೂ ಇನ್ನೊಂದು ತೊಂದರೆ ಹತ್ತಿಕೊಂಡಿತು. ನಮ್ಮ ನೆಲದಡಿಯ ಬಂಡೆಯಲ್ಲೇ ಫ್ಲೋರೈಡ್ ಇದೆ. ಬಂಡೆಯ ಸಂದಿನಲ್ಲಿ ವರ್ಷಗಟ್ಟಲೆ ಕೂತ ನೀರಿನಲ್ಲಿ ಅದು ಕರಗುತ್ತದೆ. ಒಂದು ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಮಿಲಿಗ್ರಾಂ ತನಕ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಅದು ಮೀರಿದೆ. ತರಗತಿಯಲ್ಲಿ ಮಕ್ಕಳು ನಕ್ಕಾಗ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತಿತ್ತು. ದೊಡ್ಡವಳಾಗುತ್ತಿದ್ದ ಹಾಗೆ ಕೈ ಅಡ್ಡ ಇಟ್ಟುಕೊಂಡು ನಗಲು ಕಲಿತ ಹುಡುಗಿಯರನ್ನು ನಾನು ಬಲ್ಲೆ. ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೇವೆ. ಒಂದು ಕ್ಯಾನ್ ತುಂಬುವಾಗ ಹೆಚ್ಚುಕಡಿಮೆ ಅಷ್ಟೇ ನೀರು ಹಿಂದಿನ ಪೈಪಿನಿಂದ ಚರಂಡಿಗೆ ಹೋಗುತ್ತದೆ. ಘಟಕದ ಹಿಂದೆ ಹೋಗಿ ಒಮ್ಮೆ ನೋಡಿ. ಆ ನೀರನ್ನು ಒಂದು ತೊಟ್ಟಿಗೆ ಬಿಟ್ಟು ಪಾತ್ರೆ ತೊಳೆಯಲು, ಶೌಚಾಲಯಕ್ಕೆ ಬಳಸಲು ಎಷ್ಟು ಪಂಚಾಯಿತಿಗಳು ವ್ಯವಸ್ಥೆ ಮಾಡಿವೆ?

ಇದೇ ಊರಿನ ಮೇಲೆ ಬೀಳುವ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬೇಕು. ಅದನ್ನು ಮಾತ್ರ ನಾವು ಹರಿಯಲು ಬಿಡುತ್ತೇವೆ.

ಲೆಕ್ಕ ಹೇಳಿಕೊಟ್ಟೇ ಬದುಕಿದವನು ನಾನು, ಒಂದು ಲೆಕ್ಕ ಕೇಳಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 700 ಮಿಲಿಮೀಟರ್ ಮಳೆಗೆ ಒಂದು ಎಕರೆಯ ಮೇಲೆ ವರ್ಷಕ್ಕೆ 28 ಲಕ್ಷ ಲೀಟರ್ ಬೀಳುತ್ತದೆ. ಜಲಜೀವನ್ ಮಿಷನ್, ಅಂದರೆ ನಮ್ಮ ‘ಮನೆ ಮನೆಗೆ ಗಂಗೆ’, ತಲೆಗೆ ದಿನಕ್ಕೆ 55 ಲೀಟರ್ ಎನ್ನುತ್ತದೆ. ಐದು ಜನರ ಮನೆಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್. ಒಂದು ಎಕರೆಯ ಮಳೆ ಇಪ್ಪತ್ತೆಂಟು ಮನೆಯ ವರ್ಷದ ಬಳಕೆ. ಬಿದ್ದದ್ದೆಲ್ಲ ಕೈಗೆ ಸಿಗುವುದಿಲ್ಲ, ಹೆಚ್ಚಿನ ಪಾಲು ಆವಿಯಾಗಿ, ಗಿಡಮರ ಹೀರಿ ಹೋಗುತ್ತದೆ. ಆದರೂ ನಿಮ್ಮ ಪಂಚಾಯಿತಿಗೆ ಎಷ್ಟು ಸಾವಿರ ಎಕರೆ ಇದೆ ಅಂತ ಒಮ್ಮೆ ನೆನೆಸಿಕೊಳ್ಳಿ. ಇನ್ನು ಖರ್ಚಿನ ಕಡೆ: ಒಂದು ಎಕರೆ ಭತ್ತಕ್ಕೆ ಸುಮಾರು 1,200 ಮಿಲಿಮೀಟರ್ ನೀರು ಬೇಕು. ನಮ್ಮ ಮಳೆ 700. ಕೆರೆ ತುಂಬಿದ ವರ್ಷ ಕೆರೆಯ ಕೆಳಗೆ ಭತ್ತ ಬೆಳೆಯುವುದು ನ್ಯಾಯ. ಬೋರ್ ನೀರಿನಲ್ಲಿ ಬೆಳೆಯುವುದು ಮೊಮ್ಮಕ್ಕಳ ಬಿಂದಿಗೆಯಿಂದ ಎತ್ತಿ ಸುರಿದಂತೆ.

ಈಗ ಹೊರಗಿನಿಂದ ನೀರು ಬರುತ್ತಿದೆ, ಇನ್ನೂ ಬರುತ್ತದೆ ಎಂಬ ಧೈರ್ಯ ನಮ್ಮಲ್ಲಿ ಮೂಡಿದೆ. ಆ ಧೈರ್ಯದ ಬಗ್ಗೆಯೇ ನನಗೆ ಭಯ. 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಒಟ್ಟು 126 ಕೆರೆ ತುಂಬಿಸುವ ಯೋಜನೆ. ಮುಂದಿನ ತಿಂಗಳೇ ಅದೇ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನ ತನಕ ಹೋಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ನಮ್ಮ ಹೋರಾಟಗಾರರು ಇಂದಿಗೂ ಕೇಳುತ್ತಿದ್ದಾರೆ. ಆ ಬೇಡಿಕೆ ಸರಿಯಾಗಿಯೇ ಇದೆ, ನಾನೂ ಅವರ ಜೊತೆ. ಹಾಗೆಯೇ, ನೀರು ಬಂದ ಕೆರೆಗಳ ಸುತ್ತ ಬತ್ತಿದ್ದ ಬೋರ್‌ಗಳಲ್ಲಿ ಮತ್ತೆ ನೀರು ಕಂಡದ್ದೂ ನಿಜ. ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಚಾಲನೆ ಸಿಕ್ಕಿತು. 24.01 ಟಿಎಂಸಿ ಎಂಬ ಲೆಕ್ಕ ನಮ್ಮ ಮಕ್ಕಳಿಗೂ ಬಾಯಿಪಾಠ. ಪಶ್ಚಿಮ ಘಟ್ಟದ ಕಾಡಿನಿಂದ ಅಷ್ಟು ದೂರ ತರುವ ನೀರಿಗೆ ಯಾರು ಯಾರು ಏನೇನು ಕಳೆದುಕೊಂಡರು ಎಂಬುದನ್ನೂ ನಾವು ಮರೆಯಬಾರದು.

ನೀರು ಬಂದ ಮೇಲೆ ನಾವು ಮಾಡಿದ್ದೇನು? ಕೆ.ಸಿ. ವ್ಯಾಲಿಯ ನೀರು ಕೆರೆಯಲ್ಲಿ ನಿಂತು ಇಂಗಬೇಕು, ನೇರವಾಗಿ ಎತ್ತಬಾರದು ಎಂಬುದೇ ಯೋಜನೆಯ ನಿಯಮ. ಕೆರೆಗೆ, ಕಾಲುವೆಗೆ ರಾತ್ರೋರಾತ್ರಿ ಮೋಟಾರು ಇಳಿದವು. ಮೇಲಿನ ಕೆರೆಯವರು ಎತ್ತಿದಷ್ಟೂ ಕೆಳಗಿನ ಕೆರೆಗೆ ಹೋಗುವುದು ತಡವಾಯಿತು. ನಮ್ಮ ಬೀದಿಯಲ್ಲಿ ನಡೆದದ್ದೂ ಅದೇ, ಪೈಪು ಮಾತ್ರ ದೊಡ್ಡದು. 2021ರ ನವೆಂಬರಿನಲ್ಲಿ ಅಂಥ ಮಳೆ ಬಂತು. ದಶಕಗಳಿಂದ ಕೋಡಿ ಕಾಣದ ಕೆರೆಗಳು ಕೋಡಿ ಹೋದವು, ಹೆಂಗಸರು ಬಾಗಿನ ಕೊಟ್ಟರು, ನಾವೆಲ್ಲ ಕೋಡಿಯ ಮೇಲೆ ನಿಂತು ಫೋಟೊ ತೆಗೆಸಿಕೊಂಡೆವು. ಎರಡೇ ವರ್ಷ. 2023ರಲ್ಲಿ ರಾಜ್ಯದ ಹೆಚ್ಚುಕಡಿಮೆ ಎಲ್ಲ ತಾಲ್ಲೂಕುಗಳನ್ನೂ ಬರಪೀಡಿತ ಎಂದು ಘೋಷಿಸಿದರು, ಟ್ಯಾಂಕರ್ ಮತ್ತೆ ಬಂತು. ಕೋಡಿ ಹೋದ ವರ್ಷ ಯಾವ ಊರಾದರೂ ಏರಿಯ ಮೇಲೆ ಕೂತು, ಈ ನೀರನ್ನು ಹೇಗೆ ಬಳಸೋಣ ಎಂದು ಮಾತಾಡಿದ್ದರೆ ನನಗೆ ತಿಳಿಸಿ. ಅಲ್ಲಿಗೆ ಬಂದು ಅವರ ಕೈ ಮುಗಿಯುತ್ತೇನೆ.

ಹಾಗಾಗಿ ಪಂಚಾಯಿತಿಯವರಲ್ಲಿ ನನ್ನ ಕೋರಿಕೆ ಇಷ್ಟು.

ನಿಮ್ಮ ನೀರುಗಂಟಿಯನ್ನು ಮೋಟಾರು ಹಾಕಿ ಆರಿಸುವ ಆಳಿನಂತೆ ನೋಡುವುದನ್ನು ಬಿಡಿ. ಮೊದಲು ಅವರ ಸಂಬಳವನ್ನು ತಿಂಗಳು ತಿಂಗಳು ಕೊಡಿ. ಬಾಕಿ ಸಂಬಳಕ್ಕೆ ಅಲೆಯುವವನು ಯಾರ ಮನೆಯ ಮೋಟಾರನ್ನೂ ಬಿಚ್ಚಿಸಲಾರ. 15ನೇ ಹಣಕಾಸು ಆಯೋಗ ತಾನು ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯ, ಮಳೆನೀರು ಸಂಗ್ರಹದಂಥ ಕೆಲಸಕ್ಕೇ ಮೀಸಲಿಟ್ಟಿತ್ತು. ನೀರಿಗೆ ದುಡ್ಡಿಲ್ಲ ಎಂಬ ಮಾತನ್ನು ನಾನು ಸುಲಭವಾಗಿ ಒಪ್ಪಲಾರೆ.

ಆಮೇಲೆ ಅವರ ಕೈಗೆ ಒಂದು ಅಳತೆ ಟೇಪು, ಒಂದು ದಪ್ಪ ನೋಟ್‌ಬುಕ್ ಕೊಡಿ. ಪಂಚಾಯಿತಿಯ ಕುಡಿಯುವ ನೀರಿನ ಬೋರ್‌ಗಳಲ್ಲಿ ತಿಂಗಳಿಗೊಮ್ಮೆ ಮೋಟಾರು ನಿಲ್ಲಿಸಿ, ನೀರು ಎಷ್ಟು ಅಡಿಯಲ್ಲಿದೆ ಎಂದು ಅಳೆದು ಬರೆಯಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗಳಲ್ಲೆಲ್ಲ ಮಳೆಮಾಪಕ ಕೂರಿಸಿದೆ. ಅದರ ಅಂಕಿ ಬೆಂಗಳೂರಿಗೆ ತಲುಪುತ್ತದೆ, ಅದೇ ಊರಿನ ರೈತನಿಗೆ ತಲುಪುವುದಿಲ್ಲ. ಆ ಅಂಕಿಯೂ ಅದೇ ಪುಸ್ತಕಕ್ಕೆ ಬರಲಿ. ಕಚೇರಿಯ ಗೋಡೆಗೆ ಒಂದು ಕರಿಹಲಗೆ ಹಾಕಿ ಸೀಮೆಸುಣ್ಣದಲ್ಲಿ ಬರೆಸಿ: ಈ ತಿಂಗಳ ಮಳೆ ಇಷ್ಟು, ಬೋರಿನ ಮಟ್ಟ ಇಷ್ಟು, ಹೋದ ವರ್ಷ ಇದೇ ತಿಂಗಳು ಇಷ್ಟಿತ್ತು. ತಾತ ತೂಬಿನ ಕಂಬದ ಗೆರೆ ನೋಡಿ ಹೇಳುತ್ತಿದ್ದದ್ದು ಇದನ್ನೇ. ಅಟಲ್ ಭೂಜಲ ಯೋಜನೆಯಲ್ಲಿ ನಮ್ಮ ಎರಡೂ ಜಿಲ್ಲೆಗಳಿದ್ದವು, ಪಂಚಾಯಿತಿಗೊಂದು ನೀರಿನ ಬಜೆಟ್ ಮಾಡುವುದು ಅದರ ಭಾಗವೇ ಆಗಿತ್ತು. ಆ ಕಡತ ನಿಮ್ಮ ಬೀರುವಿನಲ್ಲೇ ಇರಬಹುದು. ಹೊರಗೆ ತೆಗೆಯಿರಿ, ಹಿಂಗಾರು ಬಿತ್ತನೆಗೆ ಮುಂಚಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಇಷ್ಟು ನೀರಿದೆ, ಕುಡಿಯಲು ಇಷ್ಟು ತೆಗೆದಿಟ್ಟರೆ ಬೆಳೆಗೆ ಇಷ್ಟು ಉಳಿಯುತ್ತದೆ, ಹಾಗಾದರೆ ಏನು ಬಿತ್ತೋಣ ಎಂದು ಊರೇ ಮಾತಾಡಲಿ. ಜಗಳ ಆಗುತ್ತದೆ, ಆಗಲಿ. ಏರಿಯ ಮೇಲೂ ಜಗಳ ಆಗುತ್ತಿತ್ತು. ನಮ್ಮ ಅಜ್ಜಂದಿರು ಜಗಳ ಮುಗಿಸಿಯೇ ಮನೆಗೆ ಹೋಗುತ್ತಿದ್ದರು.

ರಾಜಕಾಲುವೆಯ ವಿಚಾರ. ಮಳೆಗಾಲಕ್ಕೆ ಮುಂಚೆ ನೀರುಗಂಟಿ, ಸದಸ್ಯರು, ಗ್ರಾಮ ಆಡಳಿತ ಅಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ಒಟ್ಟಿಗೆ ಕಾಲುವೆಯ ಉದ್ದಕ್ಕೂ ಒಂದು ಸಲ ನಡೆಯಿರಿ. ಜೀಪಿನಲ್ಲಿ ಹೋದರೆ ಕಾಣುವುದಿಲ್ಲ, ನಡೆಯಲೇಬೇಕು. ಎಲ್ಲಿ ಲೇಔಟಿನವರು ಮಣ್ಣು ಹಾಕಿ ಮುಚ್ಚಿದ್ದಾರೆ, ಎಲ್ಲಿ ರಸ್ತೆ ಎತ್ತರಿಸುವಾಗ ಮೋರಿ ಇಡಲು ಮರೆತಿದ್ದಾರೆ ಎಂಬುದು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಹೂಳು ತೆಗೆಯುವ ಹೆಸರಿನಲ್ಲಿ ಇಟ್ಟಿಗೆ ಗೂಡಿಗೆ ಮಣ್ಣು ಸಾಗಿಸಲು ಜೆಸಿಬಿ ತೋಡುವ ಆಳದ ಗುಂಡಿಗಳನ್ನು ದಯವಿಟ್ಟು ತಡೆಯಿರಿ. ಅಂಥ ಗುಂಡಿಗಳಲ್ಲಿ ಈಜಲು ಇಳಿದು ಮೇಲೆ ಬಾರದ ಹುಡುಗರ ಹೆಣಗಳನ್ನು ನಮ್ಮ ಸೀಮೆ ನೋಡಿದೆ. ನೀಲಗಿರಿ ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿತು. ಕಡಿದ ಬುಡದಿಂದ ಮತ್ತೆ ಚಿಗುರುತ್ತಲೇ ಇದೆ. ಕನಿಷ್ಠ ಕೆರೆಯ ಜಲಾನಯನದಲ್ಲಿರುವ ಬುಡಗಳನ್ನಾದರೂ ಉದ್ಯೋಗ ಖಾತ್ರಿಯಲ್ಲಿ ಕೀಳಿಸಿ, ಹೊಂಗೆ, ಬೇವು, ನೇರಳೆ ಹಾಕಿಸಬಾರದೇ?

ಇನ್ನು ನನ್ನ ಜೊತೆಯ ರೈತರಿಗೆ, ನೆರೆಹೊರೆಯವರಿಗೆ.

ಕೃಷಿ ಹೊಂಡ ಬಂದದ್ದು ಮಳೆನೀರು ಹಿಡಿಯಲು. ಈಗ ಎಲ್ಲಿ ನೋಡಿದರೂ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿ, ಹಗಲೂ ರಾತ್ರಿ ಬೋರ್ ನೀರು ತುಂಬುತ್ತಿದ್ದೇವೆ. ತ್ರೀಫೇಸ್ ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದಾಗ ತುಂಬಿಟ್ಟುಕೊಂಡರೆ ಬೇಕಾದಾಗ ಡ್ರಿಪ್ಪಿಗೆ ಬಿಡಬಹುದು ಎಂಬ ಕಷ್ಟ ನನಗೆ ಗೊತ್ತು, ನಮ್ಮ ತೋಟದಲ್ಲೂ ಅದೇ ಪಾಡು. ಆದರೆ ಸಾವಿರ ಅಡಿಯಿಂದ ಎತ್ತಿ ತಂದ ನೀರನ್ನು ಚೈತ್ರ, ವೈಶಾಖದ ಬಿಸಿಲಿಗೆ ತೆರೆದಿಡುತ್ತಿದ್ದೇವೆ. ತುಂಬಲೇಬೇಕಾದರೆ ಎರಡು ದಿನಕ್ಕೆ ಸಾಕಾಗುವಷ್ಟು ತುಂಬಿ. ಹೊಸ ಬೋರ್ ಕೊರೆಸುವ ದುಡ್ಡಿನಲ್ಲಿ ಇರುವ ಬೋರಿನ ಸುತ್ತ ಗುಂಡಿ ತೆಗೆದು, ಕಲ್ಲು, ಜಲ್ಲಿ, ಮರಳು ತುಂಬಿ, ಹೊಲದ ಮಳೆನೀರು ಸೋಸಿ ಇಂಗುವ ಹಾಗೆ ಮಾಡಿ ನೋಡಿ. ನಾವು 2016ರಲ್ಲಿ ಮಾಡಿದೆವು. ಪವಾಡವೇನೂ ಆಗಲಿಲ್ಲ. 2006ರ ಬೋರ್ ಬೇಸಿಗೆಯಲ್ಲೂ ಅರ್ಧ ಇಂಚು ಕೊಡುತ್ತಿದೆ. ನಮ್ಮ ಹಿಪ್ಪುನೇರಳೆಗೆ ಅಷ್ಟು ಸಾಕು. ಸತ್ತುಹೋದ ಬೋರ್‌ಗಳ ಬಾಯಿಯನ್ನು ಇವತ್ತೇ ಮುಚ್ಚಿ, ಮಕ್ಕಳು ಓಡಾಡುತ್ತವೆ.

ಮೇಲಿನ ಬೀದಿಯವರೇ, ನಿಮ್ಮಲ್ಲಿ ಅರ್ಧ ಜನ ನನ್ನ ಕೈಕೆಳಗೆ ಅಕ್ಷರ ಕಲಿತವರು. ಪೈಪಿಗೆ ಇಟ್ಟಿರುವ ಮೋಟಾರು ತೆಗೆಯಿರಿ. ನಿಮ್ಮ ಸಂಪು ತುಂಬಿ ಹೊರಗೆ ಚೆಲ್ಲುವಾಗ ಕೆಳಗಿನ ಬೀದಿಯಲ್ಲಿ ಒಬ್ಬ ಗರ್ಭಿಣಿ ಎರಡು ಫರ್ಲಾಂಗು ದೂರದ ತೊಂಬೆಯಿಂದ ಬಿಂದಿಗೆ ಹೊರುತ್ತಿದ್ದಳು. ಅವಳ ಹೆಸರು ನಿಮಗೂ ಗೊತ್ತು. ಮನೆಯ ಮೇಲಿನ ಟ್ಯಾಂಕಿಗೆ ಒಂದು ಫ್ಲೋಟ್ ವಾಲ್ವ್ ಹಾಕಿಸಲು ದೊಡ್ಡ ಖರ್ಚಿಲ್ಲ. ಆರ್‌ಸಿಸಿ ಮನೆಯವರು ಚಾವಣಿಯ ನೀರನ್ನು ಬೀದಿಗೆ ಬಿಡುವ ಬದಲು ಸಂಪಿಗೆ ತಿರುಗಿಸಿ. ಸಾವಿರ ಚದರಡಿ ಚಾವಣಿಯ ಮೇಲೆ ನಮ್ಮ ಮಳೆಗೆ ವರ್ಷಕ್ಕೆ 65 ಸಾವಿರ ಲೀಟರ್ ಬೀಳುತ್ತದೆ. ಅರ್ಧ ಹಿಡಿದರೂ ಕ್ಯಾನಿನ ಸಾಲಿನಲ್ಲಿ ನಿಲ್ಲುವುದು ಎಷ್ಟೋ ದಿನ ತಪ್ಪುತ್ತದೆ. ಮೊದಲ ಮಳೆಯ ನೀರು ಬಿಟ್ಟು, ಸೋಸಿ, ಕಾಯಿಸಿ ಕುಡಿಯಿರಿ.

ಈ ಪತ್ರ ಬರೆಯುವ ಮುಂಚೆ ನಾನು ಆ ಹುಡುಗನ ಜೊತೆ ನಾಲ್ಕು ದಿನ ಓಡಾಡಿದೆ. ಅವನ ಮೊಪೆಡ್ಡಿನ ಹಿಂದೆ ಕೂತು ಒಂಬತ್ತು ವಾಲ್ವು, ಮೂರು ಬೋರ್, ಎರಡು ಓವರ್‌ಹೆಡ್ ಟ್ಯಾಂಕು ನೋಡಿ ಬಂದೆ. ಎಲ್ಲಿ ಪೈಪು ಸೋರುತ್ತದೆ, ಯಾವ ಬೋರಿನಲ್ಲಿ ಮಾಗಿ ಮುಗಿಯುತ್ತಿದ್ದ ಹಾಗೆ ನೀರು ತುಂಡು ತುಂಡಾಗಿ ಬರುತ್ತದೆ, ಯಾವ ಬೀದಿಗೆ ಎಷ್ಟು ನಿಮಿಷ ಬಿಟ್ಟರೆ ಎಲ್ಲರಿಗೂ ಮುಟ್ಟುತ್ತದೆ, ಎಲ್ಲ ಅವನ ತಲೆಯಲ್ಲಿದೆ. ಅವನನ್ನು ಇಲ್ಲಿಯ ತನಕ ಯಾವ ಸಭೆಯಲ್ಲೂ ಯಾರೂ ಕೇಳಿಲ್ಲ. ಮೂರು ಬೋರ್‌ಗಳ ಮಟ್ಟವನ್ನು ನಾವಿಬ್ಬರೂ ಸೇರಿ ಅಳೆದು ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿದ್ದೇವೆ.

ಮುಂದಿನ ಗ್ರಾಮಸಭೆಗೆ ಆ ಪುಸ್ತಕ ಹಿಡಿದು ನಾವಿಬ್ಬರೂ ಬರುತ್ತೇವೆ. ಕಾರ್ಯಸೂಚಿಯಲ್ಲಿ ಒಂದು ವಿಷಯ ಸೇರಿಸಿ ಎಂದು ನಮ್ಮ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇನೆ: ನೀರಿನ ಮಟ್ಟ ಅಳೆದು ಸಭೆಗೆ ವರದಿ ಓದುವ, ಪೈಪಿಗೆ ಇಟ್ಟ ಮೋಟಾರನ್ನು ಪಂಚಾಯಿತಿಯ ಪರವಾಗಿ ತೆಗೆಸುವ ಜವಾಬ್ದಾರಿಯನ್ನು ನೀರುಗಂಟಿಗೆ ವಹಿಸಿ ಠರಾವು ಮಾಡಬೇಕು. ನಿಮ್ಮ ನಿಮ್ಮ ಊರುಗಳಲ್ಲೂ ಇಂಥದೊಂದು ಅರ್ಜಿ ಕೊಡಿ, ಕಾಗದ ಬರೆದುಕೊಡಲು ಯಾರಾದರೂ ಮೇಷ್ಟ್ರು ಸಿಕ್ಕೇ ಸಿಗುತ್ತಾರೆ. ಠರಾವು ಆದ ದಿನ ಅದರ ಒಂದು ಪ್ರತಿಗೆ ಪಂಚಾಯಿತಿಯ ಮೊಹರು ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ ಆ ಹುಡುಗನ ಕೈಗೆ ಕೊಡಬೇಕು ಎಂದಿದ್ದೇನೆ. ಬೆಳಗಿನ ಜಾವ ಮೇಲಿನ ಬೀದಿಯಲ್ಲಿ ಯಾರಾದರೂ ಬಾಗಿಲು ತೆರೆದು, ನೀನ್ಯಾರು ಕೇಳೋಕೆ ಎಂದರೆ ತೋರಿಸಲು ಅದು ಅವನ ಮೊಪೆಡ್ಡಿನ ಪೆಟ್ಟಿಗೆಯಲ್ಲಿರಲಿ.

ಇಂತಿ ನಿಮ್ಮ ವಿಶ್ವಾಸಿ,
ಕೋಲಾರ ಜಿಲ್ಲೆಯ ಒಬ್ಬ ನಿವೃತ್ತ ಮೇಷ್ಟ್ರು, ನೀರುಗಂಟಿಯ ಮೊಮ್ಮಗ